ಕಲ್ಲು ಕೊರೆಯುವ ಮುನ್ನ: ಬಿಲ್ಟ್-ಇನ್ ಹಾಬ್, ಓವನ್ ಕೊಳ್ಳುವವರಿಗೆ

ಹಾಬ್ ಎಂದರೆ ಅಡುಗೆಕಟ್ಟೆಯ ಕಲ್ಲು ಕೊರೆದು ಅದರೊಳಗೆ ಇಳಿಸುವ ಒಲೆ. 60 ಸೆಂ.ಮೀ ಹಾಬಿಗೆ ಅಡುಗೆಕಟ್ಟೆಯಲ್ಲಿ ಕೊರೆಯಬೇಕಾದ ತೂತು ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ: 56 ಸೆಂ.ಮೀ ಉದ್ದ, 48ರಿಂದ 49 ಸೆಂ.ಮೀ ಅಗಲ. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಕಾಣುವ 75ರಿಂದ 90 ಸೆಂ.ಮೀವರೆಗಿನ ಗಾಜಿನ ಹಾಬುಗಳಿಗೆ ಬಂದರೆ ಈ ಒಮ್ಮತ ಮುಗಿಯಿತು. ಎರಡು ಕಂಪನಿಯ ಹಾಬ್ ಹೋಲಿಸಿದರೆ ಮೇಲಿನ ಗಾಜು ಎರಡರದ್ದೂ 78 ಸೆಂ.ಮೀ ಇರುತ್ತದೆ, ಕೆಳಗಿನ ತಗಡಿನ ಪೆಟ್ಟಿಗೆ ಒಂದರದು ದೊಡ್ಡದು, ಇನ್ನೊಂದರದು ಚಿಕ್ಕದು. ಆರೇಳು ವರ್ಷ ಬಿಟ್ಟು ಹಾಬ್ ಬದಲಿಸುವಾಗ ಹಳೆಯ ತೂತು ಚಿಕ್ಕದಾಗಿದ್ದರೆ ಮತ್ತೆ ಗ್ರೈಂಡರ್ ಹಿಡಿಯಬೇಕು, ಮನೆಯೆಲ್ಲ ಧೂಳು. ಅಷ್ಟಾದರೂ ಕೆಲಸ ಆಗುತ್ತದೆ. ಹಳೆಯದು ದೊಡ್ಡದಾಗಿದ್ದರೆ ಹೊಸ ಗಾಜಿನ ಅಂಚಿಗೆ ಕೂರಲು ಕಲ್ಲೇ ಸಿಗುವುದಿಲ್ಲ. ಕೊರೆದ ಗ್ರಾನೈಟನ್ನು ಕೂಡಿಸಿಕೊಡುವ ಮೇಸ್ತ್ರಿ ಇನ್ನೂ ಹುಟ್ಟಿಲ್ಲ.

ಹಾಗಾಗಿ ಮಾಡೆಲ್ ನೋಡುವಾಗ ಮೊದಲು ತೆರೆಯಬೇಕಾದ್ದು ಕ್ಯಾಟಲಾಗಿನ ಕೊನೆಯ ಪುಟ, ಕಟ್-ಔಟ್ (ಕೊರೆಯಬೇಕಾದ ತೂತಿನ ಅಳತೆ) ಚಿತ್ರ ಇರುವ ಪುಟ. ಎರಡು ಹಾಬ್ ಸಮಸಮ ಅನ್ನಿಸಿದರೆ ಚಿಕ್ಕ ತೂತು ಕೇಳುವುದನ್ನೇ ಆರಿಸಿ. 56 × 49ಕ್ಕೆ ಹತ್ತಿರವಿದ್ದರಂತೂ ಯೋಚಿಸುವುದೇ ಬೇಡ, ಮುಂದೆ ಯಾವ ಕಂಪನಿಯದಾದರೂ ಹೊಂದೀತು. ಮಾಡ್ಯುಲರ್ ಕಿಚನ್‌ನವರು «ಸೈಜ್ ನಮಗೆ ಗೊತ್ತು ಸಾರ್» ಅಂದರೂ ಹಾಬ್ ಮನೆಗೆ ಬಂದು, ಪೆಟ್ಟಿಗೆ ತೆರೆದು, ಅದರ ಜೊತೆಗಿರುವ ಕಾಗದದ ಅಚ್ಚನ್ನು ಕಲ್ಲಿನ ಮೇಲೆ ಅಂಟಿಸುವ ತನಕ ಬ್ಲೇಡ್ ಇಳಿಸಲು ಬಿಡಬೇಡಿ.

ಕಲ್ಲಿನ ವಿಷಯ ಇನ್ನೂ ಇದೆ. ನಮ್ಮಲ್ಲಿ ಗ್ರಾನೈಟ್ ಸಾಮಾನ್ಯವಾಗಿ 18–20 ಮಿ.ಮೀ ದಪ್ಪ. ಮಾಡ್ಯುಲರ್ ಅಡುಗೆಮನೆಯಲ್ಲಿ ಅದು ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂತಿರುತ್ತದೆ, ತೊಂದರೆಯಿಲ್ಲ. ಹಳೆಯ ಮನೆಗಳಲ್ಲಿ ಗ್ರಾನೈಟಿನ ಕೆಳಗೆ ಎರಡು ಮೂರು ಇಂಚಿನ ಕಾಂಕ್ರೀಟ್ ಹಲಗೆ ಇಲ್ಲವೇ ಕಡಪ ಕಲ್ಲು ಇರುತ್ತದೆ. ಹಾಬಿನ ಜೊತೆ ಬರುವ ಕ್ಲ್ಯಾಂಪುಗಳು ಮೂರು ನಾಲ್ಕು ಸೆಂ.ಮೀ ದಪ್ಪಕ್ಕೆ ಮಾಡಿದವು, ಆ ಕಾಂಕ್ರೀಟಿನ ತಳ ಮುಟ್ಟುವುದಿಲ್ಲ. ಅಂಥ ಕಡೆ ಕೆಳಗಿನ ಕಾಂಕ್ರೀಟನ್ನು ತೂತಿನ ಸುತ್ತ ಮೂರು ನಾಲ್ಕು ಸೆಂ.ಮೀ ಹೆಚ್ಚಿಗೆ ಕತ್ತರಿಸಿ, ಗ್ರಾನೈಟಿನ ಅಂಚಿಗೆ ಮಾತ್ರ ಕ್ಲ್ಯಾಂಪ್ ಹಿಡಿಯುವಂತೆ ಮಾಡಬೇಕು. ಒಳಗೆ ಕಂಬಿ ಇದ್ದರೆ ಎಲ್ಲಿ ಕತ್ತರಿಸಬಹುದು ಎಂದು ಮನೆ ಕಟ್ಟಿದವರನ್ನು ಕೇಳಿ.

ತೂತಿನ ನಾಲ್ಕು ಮೂಲೆ ಚೂಪಾಗಿರಬಾರದು. ಗ್ರೈಂಡರಿನ ಬ್ಲೇಡ್ ಎರಡು ಕಡೆಯಿಂದ ಬಂದು ಮೂಲೆಯಲ್ಲಿ ಒಂದನ್ನೊಂದು ದಾಟಿದರೆ ಅಲ್ಲಿ ಕಣ್ಣಿಗೆ ಕಾಣದ ಗೀರು ಉಳಿಯುತ್ತದೆ. ಒಲೆಯ ಕಾವು, ಕುಕ್ಕರಿನ ಕುಕ್ಕಾಟ ಸೇರಿ ಆ ಗೀರು ಒಂದು ದಿನ ಕಟ್ಟೆಯ ಮುಂದಿನ ಅಂಚಿನವರೆಗೆ ಬಿರುಕಾಗುತ್ತದೆ. ಮೊದಲು ನಾಲ್ಕು ಮೂಲೆಗೆ 10–12 ಮಿ.ಮೀ ಡೈಮಂಡ್ ಬಿಟ್‌ನಿಂದ ದುಂಡಗೆ ರಂಧ್ರ ಹಾಕಿ, ಆ ರಂಧ್ರದಿಂದ ಈ ರಂಧ್ರಕ್ಕೆ ಬ್ಲೇಡ್ ಓಡಿಸುವುದು ಸರಿಯಾದ ಕ್ರಮ. ಮುಂಭಾಗದಲ್ಲಿ ಕನಿಷ್ಠ 5–6 ಸೆಂ.ಮೀ ಕಲ್ಲು ಉಳಿಯಬೇಕು. ಹೊಸ ಮನೆಯಾದರೆ ಜಿಗಣಿಯಂಥ ಕಡೆ ಕಲ್ಲು ಕತ್ತರಿಸುವ ಕಾರ್ಖಾನೆಯಲ್ಲೇ ತೂತು ಹಾಕಿಸಬಹುದು, ಅಂಚು ನುಣುಪಾಗಿ ಬರುತ್ತದೆ. ಆದರೆ ಸಾಗಿಸುವಾಗ ಆ ತೆಳು ಪಟ್ಟಿಯೇ ಮೊದಲು ಮುರಿಯುವುದು, ಅದಕ್ಕೆ ಅಡ್ಡಪಟ್ಟಿ ಕಟ್ಟಿ ತರಬೇಕು.

ಬಾಡಿಗೆ ಮನೆಯವರಿಗೆ, ಇನ್ನೂ ಮನಸ್ಸು ಗಟ್ಟಿ ಮಾಡದವರಿಗೆ ಹಾಬ್‌ಟಾಪ್ ಎಂಬ ದಾರಿ ಇದೆ. ನೋಡಲು ಹಾಬೇ, ಕೆಳಗೆ ಕಾಲು ಇರುತ್ತದೆ. ಇವತ್ತು ಕಟ್ಟೆಯ ಮೇಲೆ ಇಟ್ಟು, ನಾಳೆ ಬೇಕಾದರೆ ಕಾಲು ಕಳಚಿ ಕಲ್ಲಿಗೆ ಇಳಿಸಬಹುದು. ಅಂಗಡಿಯವರು ಇದನ್ನು ಮುಂದೆ ತಂದು ತೋರಿಸುವುದು ಕಡಿಮೆ. ಕೇಳಿ ತೆಗೆಸಿ ನೋಡಿ.

ಪಾತ್ರೆ ಹೊತ್ತುಕೊಂಡು ಅಂಗಡಿಗೆ

ಹಾಬ್ ಆರಿಸಲು ಹೋಗುವಾಗ ಚೀಲದಲ್ಲಿ ಮೂರು ಸಾಮಾನು ಇರಲಿ: ದಿನ ಬಳಸುವ ಕುಕ್ಕರ್, ದೋಸೆ ಕಾವಲಿ, ಮುದ್ದೆ ಮಾಡುವ ಪಾತ್ರೆ. ಸೇಲ್ಸ್‌ನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮೊದಲ ಪರೀಕ್ಷೆ ಅಂತರದ್ದು. ಎರಡು ಬರ್ನರುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆಯಿರಿ. ಅಕ್ಕಪಕ್ಕ ಕೂರಬೇಕಾದ ಎರಡು ಪಾತ್ರೆಗಳ ಅರ್ಧ ಅಗಲಗಳನ್ನು ಕೂಡಿಸಿ, ಎರಡು ಸೆಂ.ಮೀ ಸೇರಿಸಿ. 24 ಸೆಂ.ಮೀ ಕುಕ್ಕರ್, 30 ಸೆಂ.ಮೀ ಕಾವಲಿ ಆದರೆ 12 + 15 + 2, ಒಟ್ಟು 29 ಸೆಂ.ಮೀ. ನಾಲ್ಕು ಬರ್ನರಿನ 60 ಸೆಂ.ಮೀ ಹಾಬಿನಲ್ಲಿ ಹಿಂದುಮುಂದಿನ ಬರ್ನರುಗಳ ನಡುವೆ ಅಷ್ಟು ಜಾಗ ಎಲ್ಲಿಯದು? ಕಾಗದದ ಮೇಲೆ ನಾಲ್ಕು ಒಲೆ, ಅಡುಗೆ ಮಾಡುವಾಗ ಎರಡೂವರೆ. ನಾಲ್ಕೈದು ಜನರ ಮನೆಗೆ ಅಗಲವಾದ ಮೂರು ಬರ್ನರಿನ ಹಾಬ್ ಇಕ್ಕಟ್ಟಿನ ನಾಲ್ಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಎರಡನೆಯದು ಮುದ್ದೆ ಪರೀಕ್ಷೆ. ಪಾತ್ರೆಯನ್ನು ಪ್ಯಾನ್ ಸಪೋರ್ಟಿನ (ಬರ್ನರಿನ ಮೇಲೆ ಪಾತ್ರೆ ಕೂರುವ ಚೌಕಟ್ಟಿನ) ಮೇಲೆ ಇಟ್ಟು, ಒಂದು ಕೈಯಲ್ಲಿ ಹಿಡಿದು, ಕೋಲಿನಿಂದ ತೊಳಸುವಂತೆ ಜೋರಾಗಿ ತಿರುಗಿಸಿ. ತೆಳು ತಗಡಿನ ಸಪೋರ್ಟ್ ಆದರೆ ಪಾತ್ರೆಯ ಜೊತೆ ಅದೂ ತಿರುಗಿ ಗಾಜಿನ ಮೇಲೆ ಕಿರ್ ಅನ್ನುತ್ತದೆ. ಬೀಡು ಕಬ್ಬಿಣದ್ದಾಗಿದ್ದು, ತಳದಲ್ಲಿ ರಬ್ಬರಿನ ಪಾದ ಇದ್ದು, ಗಾಜಿನಲ್ಲಿ ಕೂರಲು ಗುಳಿ ಇಲ್ಲವೇ ಪಿನ್ ಇದ್ದರೆ ಅಲುಗುವುದಿಲ್ಲ. ಪ್ಯಾನ್ ಸಪೋರ್ಟನ್ನು ಎತ್ತಿ ತಿರುಗಿಸಿ ನೋಡಿ, ಆ ಪುಟ್ಟ ರಬ್ಬರ್ ಬಿಡಿಯಾಗಿ ಸಿಗುತ್ತದೆಯೇ ಕೇಳಿ. ವರ್ಷ ಎರಡು ವರ್ಷಕ್ಕೆ ಅದು ಸುಟ್ಟು ಉದುರುತ್ತದೆ. ಆಮೇಲೆ ಕಬ್ಬಿಣ ನೇರ ಗಾಜಿಗೆ ತಾಗಿ ಪ್ರತಿ ಸಲ ಕುಕ್ಕರ್ ಇಳಿಸಿದಾಗಲೂ ಸಣ್ಣ ಏಟು ಬೀಳುತ್ತದೆ. ದುಂಡು ತಳದ ಬಾಣಲೆ ಬಳಸುವವರು ಅದನ್ನೂ ಇಟ್ಟು ನೋಡಬೇಕು. ನಾಲ್ಕು ಕೈಯ ಸಪೋರ್ಟಿನ ತುದಿಗಳು ನಡುವಿನ ಕಡೆ ಸಾಕಷ್ಟು ಚಾಚಿಲ್ಲದಿದ್ದರೆ ಸಣ್ಣ ಪಾತ್ರೆ, ಒಗ್ಗರಣೆ ಸೌಟು ಒಳಗೆ ಜಾರುತ್ತವೆ. ಐರೋಪ್ಯ ವಿನ್ಯಾಸದ ಹಲವು ಹಾಬುಗಳು ಚಪ್ಪಟೆ ತಳದ ಪಾತ್ರೆಗೆಂದೇ ಆದವು, ಇಲ್ಲಿ ಸೋಲುವುದು ಅವೇ.

ಮೂರನೆಯದಕ್ಕೆ ಬೆಂಕಿ ಬೇಕು, ಡೆಮೊ ಇರುವ ಅಂಗಡಿಯಲ್ಲೇ ಆಗುವುದು. ಕಾವಲಿ ಇಟ್ಟು ಪೂರ್ತಿ ಉರಿ ಮಾಡಿ ಎರಡು ನಿಮಿಷ ಬಿಟ್ಟು ಗುಬ್ಬಿ (ಉರಿ ತಿರುಗಿಸುವ ನಾಬ್) ಮುಟ್ಟಿ. ಅಗಲ ಕಾವಲಿಯ ತಳಕ್ಕೆ ಬಡಿದ ಶಾಖ ಕೆಳಮುಖವಾಗಿ ಹರಡುತ್ತದೆ. ಗುಬ್ಬಿ ಬರ್ನರಿಗೆ ತೀರ ಹತ್ತಿರವಿದ್ದರೆ ಕೈ ಸುಡುತ್ತದೆ, ದಿನ ಕಳೆದಂತೆ ಪ್ಲಾಸ್ಟಿಕ್ ಗುಬ್ಬಿ ಸಡಿಲವಾಗುತ್ತದೆ. ಲೋಹದ ಗುಬ್ಬಿ ಗಟ್ಟಿ, ಆದರೆ ಬಿಸಿಯೂ ಹೆಚ್ಚು.

ಬರ್ನರಿನ ಮಾತು. ಇಟಲಿಯ ಸಬಾಫ್, ಡಿಫೆಂಡಿ ಕಂಪನಿಗಳ ಬರ್ನರುಗಳು ನಮ್ಮಲ್ಲಿ ಬೇರೆ ಬೇರೆ ಹೆಸರಿನ ಹಾಬುಗಳ ಒಳಗೆ ಕೂತು ಬರುತ್ತವೆ, ಹೊರಗಿನ ಹೆಸರು ಬೇರೆಯಾದರೂ ಉರಿ ಒಂದೇ. ಆ ಮಾದರಿಯಲ್ಲಿ ಚಿಕ್ಕ ಬರ್ನರ್ 1 ಕಿಲೋವ್ಯಾಟ್, ನಡುವಿನದು 1.75, ದೊಡ್ಡದು 3, ಮೂರು ಸುತ್ತಿನದು 4ರ ಹತ್ತಿರ. ಹಾಲು ಕಾಯಿಸಲು, ತುಪ್ಪ ಕರಗಿಸಲು, ಅನ್ನ ಇಂಗಿಸಲು ಆ 1 ಕಿಲೋವ್ಯಾಟಿನದು ಅಮೃತ. ಎಲ್ಲ ಬರ್ನರೂ ದೊಡ್ಡದೇ ಇರುವ ಹಾಬ್ ನೋಡಲು ಗಂಭೀರ, ಹಾಲಿಟ್ಟರೆ ಮಾತ್ರ ಪಕ್ಕದಲ್ಲೇ ನಿಂತಿರಬೇಕು. 4 ಕಿಲೋವ್ಯಾಟಿನ ಬರ್ನರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 300 ಗ್ರಾಂ ಗ್ಯಾಸ್ ಕುಡಿಯುತ್ತದೆ. ಅದರ ಮೇಲೆ 16 ಸೆಂ.ಮೀ ಪಾತ್ರೆ ಇಟ್ಟರೆ ಪಾತ್ರೆಯ ಕಿವಿ ಕಾಯುತ್ತದೆ, ಸಾರು ಕಾಯುವುದಿಲ್ಲ.

«ಹಾಬ್ ಹಾಕಿಸಿದ ಮೇಲೆ ಸಿಲಿಂಡರ್ ಬೇಗ ಖಾಲಿ» ಎಂಬ ದೂರಿನಲ್ಲಿ ಹುರುಳಿದೆ. ಮನೆಬಳಕೆಯ ಗ್ಯಾಸ್ ಒಲೆಗೆ ಐಎಸ್ 4246 ಮಾನಕ ಕೇಳುವ ಕನಿಷ್ಠ ಉಷ್ಣ ದಕ್ಷತೆ 68%. ಹಾಬ್ ಅಂದವಾಗಿ ಕಾಣಲೆಂದು ಪ್ಯಾನ್ ಸಪೋರ್ಟನ್ನು ಎತ್ತರಿಸಿ, ಉರಿಯ ತುದಿ ಪಾತ್ರೆಯ ಹೊರಗೆ ಹರಡುವಂತೆ ಮಾಡಿದರೆ ದಕ್ಷತೆ ಇಳಿಯುತ್ತದೆ. ಲೆಕ್ಕ ಸರಳ: 68%ರಲ್ಲಿ 45 ದಿನ ಬರುವ 14.2 ಕೆ.ಜಿ ಸಿಲಿಂಡರ್ 58%ರಲ್ಲಿ 38 ದಿನ ಬರುತ್ತದೆ. ದಕ್ಷತೆಯ ಅಂಕಿ ಕೇಳಿದಾಗ ಅಂಗಡಿಯವರು ಗಾಜಿನ ದಪ್ಪ ಹೇಳಲು ಶುರುಮಾಡಿದರೆ ಅರ್ಥ ಮಾಡಿಕೊಳ್ಳಿ.

ಗಾಜೋ ಸ್ಟೀಲೋ? ಟಫನ್ಡ್ ಗಾಜು ಸಾಮಾನ್ಯವಾಗಿ 8 ಮಿ.ಮೀ. ಮೇಲಿನಿಂದ ಬೀಳುವ ಏಟನ್ನು ಅದು ಚೆನ್ನಾಗಿಯೇ ತಾಳುತ್ತದೆ, ಅದರ ಮರ್ಮ ಇರುವುದು ಅಂಚಿನಲ್ಲಿ. ಅಂಚಿಗೆ ಸೌಟಿನ ಹಿಡಿಯಿಂದ ಒಂದು ಸಣ್ಣ ಚಕ್ಕೆ ಹಾರಿದರೆ ಆ ದಿನ ಏನೂ ಆಗುವುದಿಲ್ಲ. ತಿಂಗಳ ನಂತರ ಯಾರೂ ಮುಟ್ಟದಿರುವಾಗ ಇಡೀ ಗಾಜು ಸಾಸಿವೆ ಸಿಡಿದಂತೆ ಪುಡಿಯಾಗುತ್ತದೆ. ಉಳಿದ ಕಾರಣಗಳೂ ಹೀಗೇ ಸಣ್ಣವು: ಕಾದ ಕುಕ್ಕರನ್ನು ಗಾಜಿನ ಮೇಲೆ ಇಳಿಸಿಡುವುದು, ಬಿಸಿ ಗಾಜಿಗೆ ತಣ್ಣೀರ ಬಟ್ಟೆ ಎಳೆಯುವುದು, ಬರ್ನರ್ ಟೋಪಿ ಸರಿಯಾಗಿ ಕೂರದೆ ಉರಿ ಅಡಿಯಲ್ಲಿ ನುಸುಳುವುದು. ಅಂಚಿಗೆ ಸ್ಟೀಲ್ ಪಟ್ಟಿ ಇರುವ ಗಾಜು ಸಿಕ್ಕಿದರೆ ಅದನ್ನೇ ತಗೊಳ್ಳಿ. ವಾರಂಟಿ ಕಾಗದದಲ್ಲಿ ಗಾಜಿನ ಸಾಲು ಓದದೆ ಸಹಿ ಹಾಕಬೇಡಿ, ಬಹಳ ಕಡೆ ಗಾಜು ಹೊರಗೇ ಇರುತ್ತದೆ. ದಿನಾ ಮುದ್ದೆ, ರೊಟ್ಟಿ, ದೊಡ್ಡ ಪಾತ್ರೆ ಎತ್ತಿಳಿಸುವ ಮನೆಗೆ ಸ್ಟೀಲ್ ಹಾಬೇ ಸರಿ. ಗೀರು ಬೀಳುತ್ತದೆ, ಹೊಳಪು ಹೋಗುತ್ತದೆ, ಆದರೂ ಹದಿನೈದು ವರ್ಷ ಬಾಳುತ್ತದೆ. ಈಗ ಅದಕ್ಕೆ ಫ್ಯಾಷನ್ ಇಲ್ಲ ಅಷ್ಟೆ.

ದುಡ್ಡು ಹೆಚ್ಚಿಗೆ ಕೊಡಬೇಕಾದ ಒಂದೇ ಸೌಲಭ್ಯ ಎಂದರೆ ಫ್ಲೇಮ್ ಫೇಲ್ಯೂರ್ ಡಿವೈಸ್. ಪ್ರತಿ ಬರ್ನರಿನ ಪಕ್ಕ ಪೆನ್ಸಿಲ್ ತುದಿಯಷ್ಟು ದಪ್ಪದ ಒಂದು ಕಡ್ಡಿ ಉರಿಯೊಳಗೆ ಚಾಚಿರುತ್ತದೆ, ಅದೇ ಥರ್ಮೋಕಪಲ್. ಕಾದಾಗ ಅದು ಹುಟ್ಟಿಸುವ ಕೆಲವೇ ಮಿಲಿವೋಲ್ಟ್ ವಿದ್ಯುತ್ತು ವಾಲ್ವಿನೊಳಗಿನ ಅಯಸ್ಕಾಂತವನ್ನು ಹಿಡಿದಿಡುತ್ತದೆ. ಹಾಲು ಉಕ್ಕಿ ಉರಿ ಆರಿದರೆ ಕಡ್ಡಿ ತಣ್ಣಗಾಗಿ, ಅಯಸ್ಕಾಂತ ಬಿಟ್ಟು, ಗ್ಯಾಸ್ ನಿಲ್ಲುತ್ತದೆ. ಹಚ್ಚುವಾಗ ಗುಬ್ಬಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಬೇಕಾದದ್ದು ಇದಕ್ಕೇ; ಅದು ದೋಷವಲ್ಲ. ವರ್ಷ ಕಳೆದ ಮೇಲೆ ಕೈ ಬಿಟ್ಟ ಕೂಡಲೇ ಉರಿ ಆರತೊಡಗಿದರೆ ಕಡ್ಡಿಯ ಮೇಲೆ ಮಸಿ, ಜಿಡ್ಡು ಕೂತಿದೆ ಎಂದು ತಿಳಿಯಿರಿ. ನಯವಾದ ಎಮೆರಿ ಕಾಗದದಿಂದ ಮೆಲ್ಲಗೆ ಉಜ್ಜಿದರೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ. ಟೆಕ್ನಿಶಿಯನ್ ಬಂದು ಇಡೀ ವಾಲ್ವ್ ಬದಲಿಸಲು ಹೇಳುವ ಮೊದಲು ಇದನ್ನು ಮಾಡಿ.

ಇಗ್ನಿಷನ್ 1.5 ವೋಲ್ಟ್ ಸೆಲ್‌ದಾದರೆ ಕರೆಂಟ್ ಹೋದರೂ ಹೊತ್ತುತ್ತದೆ. 230 ವೋಲ್ಟಿನದಾದರೆ ಕಿಡಿ ಬಲವಾಗಿರುತ್ತದೆ, ಜೊತೆಗೆ ಒಂದು ರೋಗವೂ ಇದೆ: ಒರೆಸುವಾಗ ಗುಬ್ಬಿಯ ಬುಡಕ್ಕೆ ನೀರಿಳಿದರೆ ಒಳಗಿನ ಸ್ವಿಚ್ ಅಂಟಿಕೊಂಡು ಎಲ್ಲ ಬರ್ನರುಗಳೂ ಟಿಕ್ ಟಿಕ್ ಅನ್ನುತ್ತಲೇ ಇರುತ್ತವೆ. ಪ್ಲಗ್ ತೆಗೆದು, ಗುಬ್ಬಿ ಕಿತ್ತು, ಒಂದು ರಾತ್ರಿ ಒಣಗಲು ಬಿಡಿ.

ಗ್ಯಾಸ್ ಬರುವ ದಾರಿ

ಸಿಲಿಂಡರಿನ ಎಲ್‌ಪಿಜಿ 30 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಕೊಳವೆಯ ಪಿಎನ್‌ಜಿ ಸುಮಾರು 21ರಲ್ಲಿ. ಎರಡಕ್ಕೂ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ತಿರುಪು, ಬೇರೆ. ಮೇಲೆ ಹೇಳಿದ ಇಟಲಿ ಮಾದರಿಯ ಬರ್ನರುಗಳಲ್ಲಿ ಎಲ್‌ಪಿಜಿ ಜೆಟ್ಟಿನ ಮೇಲೆ 50, 65, 85 ಎಂದು ಕೊರೆದಿರುತ್ತದೆ, ರಂಧ್ರ 0.50, 0.65, 0.85 ಮಿ.ಮೀ ಎಂದು ಅರ್ಥ. ಅದೇ ಬರ್ನರಿಗೆ ಪಿಎನ್‌ಜಿ ಜೆಟ್ ಸುಮಾರು 72, 97, 115. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಸಂಪರ್ಕ ಬಂದ ಅಪಾರ್ಟ್‌ಮೆಂಟುಗಳಲ್ಲಿ ಜೆಟ್ ಬದಲಿಸದೆ ಉಳಿದ ಹಾಬ್ ಮಂಕಾಗಿ ಉರಿಯುತ್ತದೆ. ತಿರುಗಾಮುರುಗಾ ಆದರೆ ಅಪಾಯ: ಪಿಎನ್‌ಜಿ ಜೆಟ್ಟಿನಲ್ಲಿ ಎಲ್‌ಪಿಜಿ ಹರಿದರೆ ಹಳದಿ ಉರಿ ಎದ್ದು ಪಾತ್ರೆಗೆ ಮಸಿ ಮೆತ್ತುತ್ತದೆ. ಜೆಟ್ ಬದಲಿಸಿದ ಮೇಲೆ ಗುಬ್ಬಿಯ ಕೆಳಗಿರುವ, ಸಣ್ಣ ಉರಿಗೆ ಎಷ್ಟು ಗ್ಯಾಸ್ ಎಂದು ನಿಗದಿ ಮಾಡುವ ಬೈಪಾಸ್ ಸ್ಕ್ರೂವನ್ನೂ ಸರಿಹೊಂದಿಸಬೇಕು, ಇಲ್ಲದಿದ್ದರೆ ಸಿಮ್‌ಗೆ ತಂದಾಗ ಉರಿ ಆರಿಹೋಗುತ್ತದೆ. ಬಂದವರು ಜೆಟ್ ಹಾಕಿ ಸ್ಕ್ರೂ ಮರೆಯುವುದು ಮಾಮೂಲು. ಎದುರಿಗೇ ಸಿಮ್ ಮಾಡಿ ತೋರಿಸಲು ಹೇಳಿ. ಹಳೆಯ ಜೆಟ್ಟುಗಳನ್ನು ಎತ್ತಿಡಿ, ಮನೆ ಬದಲಿಸಿದರೆ ಬೇಕಾಗುತ್ತವೆ.

ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಗರಿಷ್ಠ ಒಂದೂವರೆ ಮೀಟರ್, ಆಯುಸ್ಸು ಐದು ವರ್ಷ. ಸಿಲಿಂಡರ್ ಯುಟಿಲಿಟಿಯಲ್ಲಿದ್ದು ಹಾಬ್ ದೂರವಿದ್ದರೆ ಎರಡು ಹೋಸ್ ಜೋಡಿಸುವ ಯೋಚನೆ ಬೇಡ, ತಾಮ್ರದ ಕೊಳವೆ ಹಾಕಿಸಿ, ಎರಡೂ ತುದಿಗೆ ವಾಲ್ವ್ ಇರಲಿ. ಹಾಬಿನ ಕೆಳಗಿನ ಕಪಾಟಿಗೆ ನೆಲಮಟ್ಟದಲ್ಲಿ ಜಾಲರಿ ಬಿಡಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಈ ಜಾಲರಿಯಿಂದ ಇನ್ನೊಂದು ಉಪಕಾರವಿದೆ. ಹಲವು ಬರ್ನರುಗಳು ಉರಿಗೆ ಬೇಕಾದ ಗಾಳಿಯನ್ನು ಕೆಳಗಿನಿಂದ ಎಳೆಯುತ್ತವೆ. ಹಾಬಿನ ಅಡಿಗೇ ಡ್ರಾಯರ್ ಕೂರಿಸಿ ಬಿಗಿಯಾಗಿ ಮುಚ್ಚಿದರೆ ಗಾಳಿ ಸಾಲದೆ ಉರಿಯ ತುದಿ ಹಳದಿಯಾಗುತ್ತದೆ. ಡ್ರಾಯರ್ ತೆರೆದ ಕೂಡಲೇ ಉರಿ ನೀಲಿಗೆ ತಿರುಗಿದರೆ ಕಾರಣ ಅದೇ, ಬರ್ನರ್ ಬದಲಿಸಿ ಪ್ರಯೋಜನವಿಲ್ಲ. ಮೇಲಿನ ಚಿಮಣಿಗೂ ಹಾಬಿಗೂ ನಡುವೆ 65ರಿಂದ 75 ಸೆಂ.ಮೀ ಇರಬೇಕು.

ಇಂಡಕ್ಷನ್ ಹಾಬ್ ಬಗ್ಗೆ ಎರಡೇ ಮಾತು. ನಾಲ್ಕು ವಲಯದ 60 ಸೆಂ.ಮೀ ಮಾಡೆಲ್ ಪೂರ್ತಿ ಓಡಿದರೆ 7 ಕಿಲೋವ್ಯಾಟ್ ದಾಟುತ್ತದೆ, 16 ಆಂಪ್ ಸಾಕೆಟ್ ಅದಕ್ಕೆ ಸಾಲದು. ಅಲ್ಯೂಮಿನಿಯಂ ಬಾಣಲೆ, ತಾಮ್ರ, ಮಣ್ಣಿನ ಮಡಕೆ ಅದರ ಮೇಲೆ ಕಾಯುವುದಿಲ್ಲ, ಬದನೆಕಾಯಿ ಸುಡಲೂ ಆಗದು. ಎರಡು ಗ್ಯಾಸ್, ಒಂದು ಇಂಡಕ್ಷನ್ ಇರುವ ಮಿಶ್ರ ಹಾಬ್ ಮಾತ್ರ ನಮ್ಮ ಅಡುಗೆಗೆ ಒಗ್ಗುತ್ತದೆ.

ಓವನ್: ಯಾರಿಗೆ ಬೇಕು, ಎಲ್ಲಿ ಕೂರಬೇಕು

ವಾರಕ್ಕೊಮ್ಮೆಯಾದರೂ ಬ್ರೆಡ್ಡು, ಕೇಕು, ಖಾರ ಬಿಸ್ಕತ್ತು ಮಾಡುವವರಿಗೆ 60 ಸೆಂ.ಮೀ ಬಿಲ್ಟ್-ಇನ್ ಓವನ್ ಸಾರ್ಥಕ. ಹಬ್ಬಕ್ಕೊಂದು ಕೇಕ್ ಮಾಡುವ ಮನೆಗೆ 30–40 ಲೀಟರಿನ ಓಟಿಜಿ (ಕಟ್ಟೆಯ ಮೇಲಿಡುವ ಪುಟ್ಟ ವಿದ್ಯುತ್ ಓವನ್) ಸಾಕೋ ಸಾಕು. ಎಷ್ಟೋ ಮಾಡ್ಯುಲರ್ ಅಡುಗೆಮನೆಗಳಲ್ಲಿ ಓವನ್ ಕೊನೆಗೆ ಬಾಣಲೆ ಜೋಡಿಸಿಡುವ ಕಪಾಟಾಗಿದೆ. ತುಂಬಾ ದುಬಾರಿ ಕಪಾಟು. ಹಾಬ್ ಕೊಂಡರೆ ಓವನ್ ಮೇಲೆ ಇಷ್ಟು ರಿಯಾಯಿತಿ ಎನ್ನುವ ಪ್ಯಾಕೇಜುಗಳ ಹುನ್ನಾರ ಇಲ್ಲೇ ಇರುವುದು. ಹಾಬ್ ಚೆನ್ನಾಗಿರುವ ಕಂಪನಿಯ ಓವನ್ ಚೆನ್ನಾಗಿರಬೇಕೆಂದಿಲ್ಲ, ಬಿಡಿಬಿಡಿಯಾಗಿ ಕೊಳ್ಳಿ.

ಅಳತೆಯಲ್ಲಿ ಓವನ್ ಹಾಬಿನಷ್ಟು ಕಾಡುವುದಿಲ್ಲ. ಓವನ್ನಿನ ಮುಂಭಾಗ 59.5 ಸೆಂ.ಮೀ ಚೌಕ, ಹಿಂದಿನ ಪೆಟ್ಟಿಗೆ ಅದಕ್ಕಿಂತ ಕಿರಿದು, ಆಳ ಸುಮಾರು 55. ಅದಕ್ಕೆ ಬೇಕಾದ ಗೂಡು 56 ಸೆಂ.ಮೀ ಅಗಲ, 59–60 ಎತ್ತರ, ಕನಿಷ್ಠ 55 ಆಳ, ಎಲ್ಲವೂ ಪ್ಲೈವುಡ್ ಒಳಗಿನಿಂದ ಒಳಗೆ ಅಳೆದದ್ದು. ಎಡವುವುದು ಎರಡು ಕಡೆ. ಕಡಪ ಕಲ್ಲಿನ ಅಡ್ಡಗೋಡೆಗಳ ನಡುವೆ ಕೂರಿಸಲು ಹೋದಾಗ ಅಗಲ 55ಕ್ಕೆ ನಿಂತುಬಿಡುತ್ತದೆ. ಇನ್ನೊಂದು, ಪ್ಲಗ್ ಪಾಯಿಂಟನ್ನು ಓವನ್ ಹಿಂದೆಯೇ ಕೊಟ್ಟಿರುತ್ತಾರೆ. ಪ್ಲಗ್ ಸಿಕ್ಕಿಸಿದರೆ ಓವನ್ ನಾಲ್ಕೈದು ಸೆಂ.ಮೀ ಹೊರಗೆ ನಿಲ್ಲುತ್ತದೆ. ಪಾಯಿಂಟ್ ಪಕ್ಕದ ಕಪಾಟಿನಲ್ಲಿರಲಿ, ಕೈಗೆ ಸಿಗುವಂತಿರಲಿ. ಗೂಡಿನ ಹಿಂದೆ ಬಿಸಿಗಾಳಿ ಮೇಲೇರಲು ನಾಲ್ಕೈದು ಸೆಂ.ಮೀ ಸಂದು ಬೇಕು, ಹಿಂಬದಿಯ ಹಲಗೆ ಬೇಡವೇ ಬೇಡ. ಗೂಡಿನ ಮರ, ಅಂಟು ಸುಮಾರು 90 ಡಿಗ್ರಿ ಶಾಖ ತಾಳಬೇಕು. ಐಎಸ್ 710 ಗುರುತಿನ ಪ್ಲೈವುಡ್ ಇದ್ದರೆ ಚಿಂತೆಯಿಲ್ಲ. ಪಾರ್ಟಿಕಲ್ ಬೋರ್ಡಾದರೆ ಮೊದಲ ವರ್ಷವೇ ಅಂಚಿನ ಪಟ್ಟಿ ಸುರುಳಿ ಬಿಚ್ಚುತ್ತದೆ.

ಹಾಬಿನ ನೇರ ಕೆಳಗೆ ಓವನ್ ಇಡುವ ವಿನ್ಯಾಸ ವಿದೇಶಿ ಚಿತ್ರಗಳಲ್ಲಿ ಚಂದ. ಎಲ್‌ಪಿಜಿ ಮನೆಯಲ್ಲಿ ರಬ್ಬರ್ ಹೋಸ್ ಬಿಸಿ ಓವನ್ನಿನ ಬೆನ್ನಿಗೆ ತಾಗಿ ಹಾಯುತ್ತದೆ, ಇದು ಖಂಡಿತ ಕೂಡದು. ಬಗ್ಗಿ ಬಗ್ಗಿ ಬಿಸಿ ಟ್ರೇ ಎಳೆಯುವ ಸೊಂಟದ ಕಷ್ಟ ಬೇರೆ. ಎತ್ತರದ ಕಪಾಟಿನಲ್ಲಿ, ಓವನ್ನಿನ ನಡು ಮೊಣಕೈ ಮಟ್ಟಕ್ಕೆ ಬರುವಂತೆ ಇಡುವುದೇ ಉತ್ತಮ.

ಇನ್ನು ತಂತಿ. ಓವನ್ ಎಳೆಯುವುದು ಎರಡೂವರೆಯಿಂದ ಮೂರೂವರೆ ಕಿಲೋವ್ಯಾಟ್. 230 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಎಂದರೆ 13 ಆಂಪ್. ಮೀಟರ್ ಬೋರ್ಡಿನಿಂದ ನೇರ ಬರುವ 4 ಚದರ ಮಿ.ಮೀ ತಾಮ್ರದ ತಂತಿ, 20 ಆಂಪ್ ಎಂಸಿಬಿ, 16 ಆಂಪ್ ಸಾಕೆಟ್, ಗಟ್ಟಿ ಅರ್ಥಿಂಗ್: ಇಷ್ಟನ್ನು ಟೈಲ್ಸ್ ಅಂಟಿಸುವ ಮೊದಲೇ ಎಳೆಸಿ. ಮಿಕ್ಸಿಯ ಪಾಯಿಂಟಿನಿಂದ ಕವಲು ತೆಗೆದರೆ ಸಾಕೆಟ್ಟಿನ ಪ್ಲಾಸ್ಟಿಕ್ ಕಂದುಗಟ್ಟಿ ವಾಸನೆ ಬಂದಾಗಲೇ ಗೊತ್ತಾಗುವುದು. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಅಂತಿದ್ದರೆ ಗೀಸರ್, ಓವನ್ ಒಟ್ಟಿಗೆ ಓಡಿಸುವ ಮನೆ ಹೆಚ್ಚಿಸಿಕೊಳ್ಳಬೇಕು. ವೋಲ್ಟೇಜ್ ಇಳಿಯುವ ಊರುಗಳಲ್ಲಿ ಇನ್ನೊಂದು ಲೆಕ್ಕ: ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 190 ವೋಲ್ಟಿನಲ್ಲಿ 3 ಕಿಲೋವ್ಯಾಟಿನ ಓವನ್ 2 ಕಿಲೋವ್ಯಾಟಿನದಾಗುತ್ತದೆ. ಸಂಜೆ ಏಳಕ್ಕೆ ಕೇಕ್ ಉಬ್ಬದಿದ್ದರೆ ಹಿಟ್ಟನ್ನು ಬೈಯಬೇಡಿ.

ಖರ್ಚು ಹೆದರಿಸುವಷ್ಟಿಲ್ಲ. ಒಂದು ಸಲದ ಬೇಕಿಂಗಿಗೆ ಸುಮಾರು ಒಂದು ಯೂನಿಟ್. ಗೃಹಜ್ಯೋತಿಯ ಮನೆಗಳು ಮಾತ್ರ ತಿಂಗಳ ಲೆಕ್ಕ ಇಟ್ಟುಕೊಳ್ಳಬೇಕು, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬೀಳುತ್ತದೆ.

ಫಂಕ್ಷನ್ನುಗಳು ಹದಿನೈದಿರಲಿ, ಬೇಕಾದವು ನಾಲ್ಕು: ಮೇಲೆ ಕೆಳಗಿನ ಶಾಖ, ಫ್ಯಾನ್ ಜೊತೆ ಶಾಖ, ಕೆಳಗಿನದು ಮಾತ್ರ, ಗ್ರಿಲ್. ಕೇಳಬೇಕಾದ ಪ್ರಶ್ನೆ, ಹಿಂದಿನ ಫ್ಯಾನಿನ ಸುತ್ತ ಉಂಗುರದಂಥ ಹೀಟರ್ ಇದೆಯೇ ಎಂಬುದು. ಇದ್ದರೆ ಎರಡು ಟ್ರೇ ಬಿಸ್ಕತ್ತು ಒಟ್ಟಿಗೆ ಸಮನಾಗಿ ಬೇಯುತ್ತದೆ. ಬರೀ ಫ್ಯಾನ್ ಇದ್ದರೆ ಅದು ಮೇಲಿನ ಕೆಳಗಿನ ಶಾಖವನ್ನು ತಿರುಗಿಸುತ್ತದೆ ಅಷ್ಟೆ, ನಡುವೆ ಟ್ರೇ ಬದಲಿಸಬೇಕಾಗುತ್ತದೆ. ಫ್ಯಾನ್ ಬಳಸುವಾಗ ಪಾಕವಿಧಾನ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಿ. ಬಾಗಿಲಿಗೆ ಮೂರು ಪದರ ಗಾಜು ಇರಲಿ, ಮನೆಯಲ್ಲಿ ಮಕ್ಕಳಿದ್ದರೆ ಖಂಡಿತ. ಟ್ರೇ ಎಳೆಯಲು ಟೆಲಿಸ್ಕೋಪಿಕ್ ರೈಲು ಒಂದು ಜೊತೆಯಾದರೂ ಬೇಕು. ಪೈರೋಲಿಟಿಕ್ ಶುದ್ಧಿ ಎಂದರೆ ಒಳಭಾಗವನ್ನು ಸುಮಾರು 500 ಡಿಗ್ರಿಗೆ ಕಾಯಿಸಿ ಜಿಡ್ಡನ್ನೆಲ್ಲ ಬೂದಿ ಮಾಡುವುದು. ಕೋಳಿ, ಮೀನು ಗ್ರಿಲ್ ಮಾಡುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಬ್ರೆಡ್ಡು ಕೇಕಿನವರಿಗೆ ಒದ್ದೆ ಬಟ್ಟೆ ಸಾಕು. ಓವನ್ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸುವ ಅಭ್ಯಾಸ ಬಿಡಿ, ಶಾಖ ಸಿಕ್ಕಿಕೊಂಡು ಎನಾಮಲ್ ಸೀಳುತ್ತದೆ.

ಹೆಸರುಗಳು

ಬಾಷ್, ಸೀಮೆನ್ಸ್ ಎರಡೂ ಬಿಎಸ್‌ಎಚ್ ಎಂಬ ಒಂದೇ ಕಂಪನಿಯ ಹೆಸರುಗಳು, ಅದು 2015ರಿಂದ ಪೂರ್ತಿ ಬಾಷ್ ಒಡೆತನದಲ್ಲಿದೆ. ಫೇಬರ್ ಸ್ವಿಸ್ ಫ್ರಾಂಕೆ ಗುಂಪಿನದು. ಎಲಿಕಾದ ಭಾರತದ ವ್ಯವಹಾರದ ಬಹುಪಾಲು 2021ರಲ್ಲಿ ವರ್ಲ್‌ಪೂಲ್ ಆಫ್ ಇಂಡಿಯಾದ ಕೈಸೇರಿತು. ಹೆಫೆಲೆ, ಐಎಫ್‌ಬಿ, ಗ್ಲೆನ್, ಕಾಫ್, ನಮ್ಮ ಬೆಂಗಳೂರಿನ ಟಿಟಿಕೆ ಪ್ರೆಸ್ಟೀಜ್ ಇನ್ನುಳಿದವು. ಓವನ್ ವಿಷಯದಲ್ಲಿ ಬಹುಕಾಲದಿಂದ ಅದನ್ನೇ ಮಾಡುತ್ತ ಬಂದ ಐರೋಪ್ಯ ಹೆಸರುಗಳತ್ತ, ಹಾಬ್ ವಿಷಯದಲ್ಲಿ ಕುಕ್ಕರ್, ಬಾಣಲೆ ಗೊತ್ತಿರುವ ದೇಶೀ ತಯಾರಕರತ್ತ ನಮ್ಮ ಒಲವು. ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯ ಕಡೆಯವರು ಹೆಸರಿಗಿಂತ ಮೊದಲು ಊರಿನಲ್ಲೇ ಸರ್ವಿಸ್‌ನವರು ಇದ್ದಾರೆಯೇ, ಥರ್ಮೋಕಪಲ್, ಬರ್ನರ್ ಟೋಪಿ, ಓವನ್ ಬಾಗಿಲಿನ ರಬ್ಬರ್ ಬಿಡಿಯಾಗಿ ಎಷ್ಟು ದಿನದಲ್ಲಿ ಬರುತ್ತವೆ ಎಂದು ವಿಚಾರಿಸಬೇಕು. ಉಚಿತ ಇನ್‌ಸ್ಟಲೇಶನ್ ಎಂದರೆ ಕಲ್ಲು ಕತ್ತರಿಸುವುದು, ತಾಮ್ರದ ಕೊಳವೆ, ಜೆಟ್ ಬದಲಾವಣೆ ಸೇರುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ.

ಸಹಿ ಹಾಕುವ ಮೊದಲು

ಫಿಟ್ ಮಾಡಿದವರು ಹೊರಡುವ ಮುನ್ನ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿಸಿ, ಬೆಂಕಿಕಡ್ಡಿ ಹತ್ತಿರ ತರುವ ಪರೀಕ್ಷೆಗೆ ಅವಕಾಶ ಕೊಡಬೇಡಿ. ನೊರೆ ಉಬ್ಬಿದರೆ ಬಿಗಿ ಸಾಲದು. ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906, ಕಪಾಟಿನ ಬಾಗಿಲ ಒಳಬದಿಗೆ ಬರೆದಿಡಿ. ಪ್ರತಿ ಬರ್ನರನ್ನೂ ಪೂರ್ತಿ ಉರಿಯಿಂದ ಥಟ್ಟನೆ ಸಿಮ್‌ಗೆ ತನ್ನಿ, ಆರಬಾರದು. ಫ್ಲೇಮ್ ಫೇಲ್ಯೂರ್ ಡಿವೈಸ್ ಇರುವ ಹಾಬಾದರೆ ಉರಿಯನ್ನು ಊದಿ ಆರಿಸಿ ಕಿವಿಗೊಡಿ. ಒಂದು ನಿಮಿಷದೊಳಗೆ ವಾಲ್ವ್ ಟಕ್ ಎಂದು ಮುಚ್ಚಿಕೊಂಡ ಸದ್ದು ಕೇಳಬೇಕು. ಅದು ಕೇಳಿಸದಿದ್ದರೆ ಗುಬ್ಬಿಯನ್ನು ಕೈಯಿಂದಲೇ ಮುಚ್ಚಿ, ಕಿಟಕಿ ತೆರೆದು, ಕಾಗದವನ್ನು ಸಹಿಯಿಲ್ಲದೆ ವಾಪಸು ಕೊಡಿ.

ಓವನ್ನನ್ನು ಮೊದಲ ಸಲ ಖಾಲಿಯಾಗಿ, ಗರಿಷ್ಠ ಶಾಖದಲ್ಲಿ ಒಂದು ಗಂಟೆ ಓಡಿಸಿ. ಕಾರ್ಖಾನೆಯ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಗಾಬರಿ ಬೇಡ. ಮಾರನೆಯ ದಿನ ಒಂದು ಪೌಂಡ್ ಸ್ಯಾಂಡ್‌ವಿಚ್ ಬ್ರೆಡ್ ತಂದು ಜಾಲರಿ ತುಂಬ ಸಾಲಾಗಿ ಜೋಡಿಸಿ, 180 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಡಿ. ಯಾವ ಮೂಲೆಯ ಚೂರು ಕಪ್ಪಾಯಿತು, ಯಾವುದು ಬಿಳಿ ಉಳಿಯಿತು ಎಂಬುದರ ಫೋಟೊ ತೆಗೆದಿಟ್ಟರೆ ವಾರಂಟಿ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬೇಕಿಂಗ್ ಮುಗಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ, ಒಳಗಿನ ಸರ್ಕ್ಯೂಟ್ ತಣಿಸುವ ಕೆಲಸ ಅದು. ಗೋಡೆಯ ಸ್ವಿಚ್ ಆರಿಸಿ ಅದನ್ನು ನಿಲ್ಲಿಸಬೇಡಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು. ಮಳೆಗಾಲವಿಡೀ ಓವನ್ ಮುಟ್ಟದೆ ದಸರೆಗೆ ಹಚ್ಚಿದಾಗ ಇಡೀ ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆದರೆ ಹೀಟರ್ ಸುಟ್ಟಿತೆಂದು ಆಗಲೇ ತೀರ್ಮಾನಿಸಬೇಡಿ. ಹೀಟರ್ ಕೊಳವೆಯೊಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿ ತುಸು ಸೋರಿಕೆ ಬಿಡುತ್ತದೆ. ಆರ್‌ಸಿಸಿಬಿಯನ್ನು ತಪ್ಪಿಸಿ ಓಡಿಸುವ ಉಪಾಯ ಮಾತ್ರ ಯಾರು ಹೇಳಿದರೂ ಬೇಡ. ಕಡಿಮೆ ಶಾಖದ ಫಂಕ್ಷನ್ ಒಂದರಲ್ಲಿ ಟ್ರಿಪ್ ಆಗದೆ ಓಡಿದರೆ ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಒಣಗಿಸಿ. ಅದರಲ್ಲೂ ಟ್ರಿಪ್ ಆದರೆ ಸರ್ವಿಸ್‌ನವರು ವಿದ್ಯುತ್ ಸೋರಿಕೆ ಅಳೆಯುವ ಮೆಗ್ಗರ್ ಹಿಡಿದು ಯಾವ ಹೀಟರ್ ಎಂದು ನೋಡಲಿ. ತಿಂಗಳಿಗೊಮ್ಮೆ, ಬೇಯಿಸಲು ಏನೂ ಇಲ್ಲದಿದ್ದರೂ, ಹದಿನೈದು ನಿಮಿಷ ಕಾಯಿಸುತ್ತಿದ್ದರೆ ಈ ಪಾಡು ಬರುವುದೇ ಇಲ್ಲ.